ಹೆಸರು ಹಿಡಿದು ಕೂಗಿದ ಟಿಟ್ಟವ್ವ

ಬಿಳಿಕಲ್ಲು ಕೆರೆ ಅಂತ ಒಂದು ಕೆರೆ. ಅದರ ಸುತ್ತ ಕುರುಚಲು ಕಾಡು. ಕಾಡಿಗೂ ಕೆರೆಗೂ ನಡುವೆ ಒಂದು ಕೂಗಳತೆಯಷ್ಟು ಬಯಲು, ಬಯಲಿನ ತುಂಬ ಬೆಣಚುಕಲ್ಲುಗಳು. ನೆರಳಿಗೆ ಒಂದು ಮರವೂ ಅಲ್ಲಿರಲಿಲ್ಲ. ನೀರು ಕುಡಿಯಬೇಕಾದರೆ ಯಾರೇ ಆಗಲಿ ಆ ಬಯಲನ್ನು ದಾಟಲೇಬೇಕು. ಕೊಂಬು ಹೊತ್ತ ಕಡವೆಯೂ ಅಷ್ಟೆ, ಹಿಡಿಯಷ್ಟಿರುವ ಮೊಲವೂ ಅಷ್ಟೆ. ಈ ಸಂಗತಿ ಆ ಕಾಡಿನ ಚಿರತೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಆ ಬಯಲಿನ ಕಲ್ಲುಗಳ ನಡುವೆ ಒಂದು ಟಿಟ್ಟಿಭ ಹಕ್ಕಿ ಇತ್ತು. ಕಪ್ಪು ತಲೆ, ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಚೂರು ಕೆಂಪು ತೊಗಲು. ಎಲ್ಲರೂ ಅವಳನ್ನು ಟಿಟ್ಟವ್ವ ಅನ್ನುತ್ತಿದ್ದರು. ಟಿಟ್ಟವ್ವನ ಬಾಯಿ ಬಹಳ ಜೋರು. ಕಾಡಂಚಿನ ಲಂಟಾನ ಪೊದೆಯೊಳಗೆ ಚಿರತೆಯ ಕಿವಿ ಒಂದು ಸಲ ಅಲುಗಿದರೆ ಸಾಕು, ಕೆರೆಯ ಆ ದಡಕ್ಕೂ ಕೇಳುವ ಹಾಗೆ "ಟಿಟ್ಟಿಟ್ಟೀ, ಟಿಟ್ಟಿಟ್ಟೀ" ಅಂತ ಕಿರುಚಿಬಿಡುತ್ತಿದ್ದಳು. ನೀರಿಗೆ ಬಾಯಿ ಹಾಕಿದ್ದವರೆಲ್ಲ ತಲೆ ಎತ್ತುವುದರೊಳಗೇ ಕಾಲು ಎತ್ತಿ ಓಡಿಬಿಡುತ್ತಿದ್ದರು. ಚಿರತೆ ಬಾಲ ಬಡಿದುಕೊಂಡು ವಾಪಸ್ಸು ಹೋಗುತ್ತಿತ್ತು.

ಹೀಗೆ ಎಷ್ಟು ಸಲ ಆಯಿತೋ ಯಾರೂ ಎಣಿಸಲಿಲ್ಲ. ಟಿಟ್ಟವ್ವನಿಗೆ "ನಿನ್ನಿಂದ ಬದುಕಿದೆ" ಅಂತ ಯಾರೂ ಒಂದು ಸಲವೂ ಹೇಳಲಿಲ್ಲ. ಅವಳ ಗಂಟಲು ಕರ್ಕಶ ಅಂತ ಮಾತ್ರ ನವಿಲು ಆಗಾಗ ಹೇಳುತ್ತಿತ್ತು.

ಆ ಕೆರೆಗೆ ನೀರಿಗೆ ಬರುವವರಲ್ಲಿ ಕೆಂದಿ ಅನ್ನುವ ಜಿಂಕೆಯೂ ಒಬ್ಬಳು. ಮಕ್ಕಳೇ, ಇದು ಕೆಂದಿಯ ಕತೆ. ಅವಳನ್ನು ಉಪಕಾರ ಮರೆಯುವ ಕೆಟ್ಟ ಜಿಂಕೆ ಅಂತ ಈಗಲೇ ತೀರ್ಮಾನ ಮಾಡಿಬಿಡಬೇಡಿ. ಹೋದ ತಿಂಗಳು ಅವಳ ಹಿಂಗಾಲು ಕೆರೆಯಂಚಿನ ಕೆಸರಲ್ಲಿ ಹೂತುಕೊಂಡಾಗ ಗುಂಡಣ್ಣ ಅನ್ನುವ ಕಾಡುಹಂದಿ ಬಂದು, ಮೂತಿಯಿಂದ ಕೆಸರು ಬಗೆದು ಅವಳನ್ನು ಎಬ್ಬಿಸಿತ್ತು. ಅಂದಿನಿಂದ ಕೆಂದಿ ಎಲ್ಲಿ ಹೋದರೂ ಗುಂಡಣ್ಣನ ಗುಣಗಾನವೇ. ಎಲ್ಲಿ ಇಪ್ಪೆ ಹೂ ಉದುರಿದೆ, ಎಲ್ಲಿ ಗೆಣಸು ಬಲಿತಿದೆ ಅಂತ ಹುಡುಕಿಕೊಂಡು ಹೋಗಿ ಅವನಿಗೆ ಹೇಳಿಬರುತ್ತಿದ್ದಳು. "ಸಾಕು ಕಣವ್ವ, ಒಂದು ಕಾಲು ಎತ್ತಿದ್ದಕ್ಕೆ ಎಷ್ಟು ದಿನ ಹೇಳ್ತೀಯ" ಅಂತ ಗುಂಡಣ್ಣನೇ ನಾಚಿಕೊಳ್ಳುತ್ತಿದ್ದ.

ಅಂಥ ಕೆಂದಿಗೆ ಟಿಟ್ಟವ್ವನ ನೆನಪು ಮಾತ್ರ ಬರುತ್ತಲೇ ಇರಲಿಲ್ಲ. ಯಾಕೆ ಅನ್ನುವುದು ಮುಂದೆ ಅವಳ ಬಾಯಿಂದಲೇ ಬರುತ್ತದೆ, ಕೇಳಿ.

ಆ ಬೇಸಿಗೆಯಲ್ಲಿ ಟಿಟ್ಟವ್ವ ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಇಟ್ಟಳು. ಇಟ್ಟು ಎಂಟು ದಿನ ಆಗಿತ್ತೋ ಇಲ್ಲವೋ, ಅವಳ ಗಂಡನನ್ನು ಗಿಡುಗ ಎತ್ತಿಕೊಂಡು ಹೋಯಿತು. ಮಾರನೆಯ ದಿನ ಬೆಳಿಗ್ಗೆ, ಎಲ್ಲರೂ ನೀರಿಗೆ ಬಂದಿದ್ದಾಗ, ಟಿಟ್ಟವ್ವ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹಾಕುತ್ತಾ ದಡಕ್ಕೆ ಬಂದಳು.

"ಒಂದು ಮಾತು ಕೇಳಬೇಕಿತ್ತು" ಅಂದಳು. "ಮಧ್ಯಾಹ್ನದ ಬಿಸಿಲಿಗೆ ಈ ಕಲ್ಲುಗಳೆಲ್ಲ ಕಾದು ಹೆಂಚಾಗ್ತವೆ. ಮೊದಲು ನಾವು ಇಬ್ಬರಿದ್ವಿ. ಒಬ್ಬರು ಮೊಟ್ಟೆ ಮೇಲೆ ನೆರಳು ಮಾಡಿಕೊಂಡು ಕೂತರೆ ಇನ್ನೊಬ್ಬರು ಕೆರೆಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ತಂಪು ಮಾಡ್ತಿದ್ವಿ. ಈಗ ನಾನು ನೀರಿಗೆ ಹೋದರೆ ನೆರಳಿಲ್ಲ, ನೆರಳಾಗಿ ಕೂತರೆ ನೀರಿಲ್ಲ. ನಿಮ್ಮಲ್ಲಿ ಯಾರಾದರೂ ಒಬ್ಬರು, ನಾನು ಹೋಗಿ ಬರೋವರೆಗೆ, ಬಿಸಿಲಿಗೆ ಅಡ್ಡ ನಿಂತರೆ ಸಾಕು. ಮರಿ ಆಗೋವರೆಗೆ ಅಷ್ಟೆ."

"ಅಯ್ಯೋ, ಅದಕ್ಕೇನಂತೆ" ಅಂತು ಮೊಲ.

"ನಾವು ಇಷ್ಟು ಜನ ಇದ್ದೀವಿ, ಯಾರಾದರೂ ಬಂದೇ ಬರ್ತಾರೆ" ಅಂತು ನವಿಲು.

ಗುಂಡಣ್ಣ ತಲೆ ಆಡಿಸಿದ. ಕೆಂದಿಯೂ ತಲೆ ಆಡಿಸಿದಳು. ಆಡಿಸುವಾಗ ಅವಳ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಯಾರೋ ಹೋಗುತ್ತಾರೆ ಅಂದುಕೊಂಡಳು. ಆ ಯಾರೋ ತಾನೂ ಆಗಬಹುದು ಅನ್ನುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಅವತ್ತು ಮಧ್ಯಾಹ್ನ ಯಾರೂ ಹೋಗಲಿಲ್ಲ. ಮಾರನೆಯ ದಿನವೂ ಇಲ್ಲ. ಟಿಟ್ಟವ್ವ ಕಾಲು ಸುಡುವ ಬಿಸಿಲಿನಲ್ಲಿ ರೆಕ್ಕೆ ಅರೆಬಿಚ್ಚಿ ಮೊಟ್ಟೆಗಳ ಮೇಲೆ ನಿಂತು, ತಡೆಯಲಾರದೆ ಒಂದು ಸಲ ಕೆರೆಗೆ ಹಾರಿ, ನೀರು ಮುಟ್ಟಿದವಳೇ ಮೊಟ್ಟೆಗಳ ದಿಗಿಲಿನಲ್ಲಿ ಅರ್ಧ ಒದ್ದೆಯಾಗಿ ಹಿಂದಕ್ಕೆ ಹಾರಿಬರುತ್ತಿದ್ದಳು. ಅಷ್ಟರ ನಡುವೆಯೂ ಅವಳ ಒಂದು ಕಣ್ಣು ಲಂಟಾನ ಪೊದೆಯ ಮೇಲೇ ಇರುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಅವಳು ನೆಟ್ಟಗೆ ಕೆಂದಿಯ ಮುಂದೆ ಬಂದು ನಿಂತಳು.

"ಕೆಂದಿ, ಆವತ್ತು ತಲೆ ಆಡಿಸಿದೆಯಲ್ಲ. ಯಾಕೆ ಬರಲಿಲ್ಲ?"

ಕೆಂದಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ.

"ನಿಜ ಹೇಳ್ತೀನಿ ಟಿಟ್ಟವ್ವ, ಬೇಜಾರು ಮಾಡಿಕೋಬೇಡ. ಗುಂಡಣ್ಣ ಒಂದು ಮಾತು ಕರೆದರೆ ನಾನು ಮೂರು ಗುಡ್ಡ ದಾಟಿ ಹೋಗ್ತೀನಿ. ಅವನು ನನ್ನ ಮುಖ ನೋಡಿ ನನ್ನನ್ನ ಎತ್ತಿದ. ನೀನು ಕೂಗೋದು ಬಯಲಿಗೆ. ಮೊಲಕ್ಕೂ ಅದೇ ಕೂಗು, ನವಿಲಿಗೂ ಅದೇ ಕೂಗು. ಅಷ್ಟು ಜನ ಹಂಚಿಕೊಂಡ ಮೇಲೆ ನನ್ನ ಪಾಲಿಗೆ ಬರೋದು ಎಷ್ಟು? ನಾನು ಇಲ್ಲದಿದ್ದರೂ ನೀನು ಕೂಗ್ತಿದ್ದೆ. ಯಾವತ್ತಾದರೂ 'ಕೆಂದಿ, ಓಡು' ಅಂತ ನನ್ನ ಹೆಸರು ಹಿಡಿದು ಕೂಗಿದ್ದರೆ ನನಗೂ ನನಗೇ ಮಾಡಿದ ಉಪಕಾರ ಅನ್ನಿಸ್ತಿತ್ತು."

ಟಿಟ್ಟವ್ವನಿಗೆ ಸಿಟ್ಟು ಬಂತು. ಅವಳ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಬೇರೆ ದಿನವಾಗಿದ್ದರೆ ಕೆಂದಿಗೆ ಕಿವಿ ಮುಚ್ಚಿಕೊಳ್ಳುವಷ್ಟು ಬೈಗುಳ ಬೀಳುತ್ತಿತ್ತು. ಆದರೆ ಅವತ್ತು ಬಿಸಿಲು ಆಗಲೇ ಏರುತ್ತಿತ್ತು, ಮೊಟ್ಟೆಗಳು ನಾಲ್ಕಿದ್ದವು, ಅವಳು ಒಬ್ಬಳೇ ಇದ್ದಳು. ಸಿಟ್ಟನ್ನು ನುಂಗಿಕೊಂಡಳು.

"ಸರಿ. ಇನ್ನು ಮೇಲೆ ಹೆಸರು ಹಿಡಿದೇ ಕೂಗ್ತೀನಿ. ಆಗ ಬಂದು ನಿಲ್ತೀಯಾ?"

"ಆಗ ನಿಲ್ಲದೆ ಇರ್ತೀನಾ? ನೀನು ನನ್ನ ಹೆಸರು ಕೂಗಿದ ದಿನದಿಂದಲೇ ಬಂದು ನಿಲ್ತೀನಿ" ಅಂದಳು ಕೆಂದಿ.

ಈ ಏರ್ಪಾಟು ಎಲ್ಲರಿಗೂ ಬಹಳ ಇಷ್ಟವಾಯಿತು. ಯಾರ ಹೆಸರು ಮೊದಲು ಅನ್ನುವುದಕ್ಕೆ ಒಂದಿಷ್ಟು ಜಗಳವೂ ಆಯಿತು. ಹೀಗೊಂದು ಆಗಲಿ ಅಂತ ಮೊದಲು ಹೇಳಿದವಳು ಕೆಂದಿ, ಆದ್ದರಿಂದ ಅವಳದೇ ಮೊದಲು ಅಂತಾಯಿತು. ಎರಡನೆಯದು ಗುಂಡಣ್ಣ. ಮೂರನೆಯದು ಮೊಲ. ನವಿಲು ತನ್ನ ಹೆಸರನ್ನು 'ಸೋಗೆರಾಯ' ಅಂತ ಪೂರ್ತಿಯಾಗಿಯೇ ಕೂಗಬೇಕು, ಮೊಟಕು ಮಾಡಕೂಡದು ಅಂತು. ಹೀಗೆ ಹನ್ನೊಂದು ಹೆಸರಾದವು. ಟಿಟ್ಟವ್ವ ಮೊಟ್ಟೆಗಳ ಮೇಲೆ ಕೂತು ಅವನ್ನೆಲ್ಲ ಬಾಯಿಪಾಠ ಮಾಡಿದಳು.

"ಇನ್ನೊಂದು ಅನುಕೂಲ ನೋಡಿ" ಅಂತು ಮೊಲ. "ಇಷ್ಟು ದಿನ ಅವಳು ಬಾಯಿ ಬಿಟ್ಟರೆ ಎಲ್ಲರೂ ಎದ್ದುಬಿದ್ದು ಓಡಬೇಕಿತ್ತು. ಇನ್ನು ನನ್ನ ಹೆಸರು ಬರೋವರೆಗೆ ನಾನು ನೆಮ್ಮದಿಯಾಗಿ ಹುಲ್ಲು ತಿನ್ನಬಹುದು."

ಇದನ್ನೆಲ್ಲ ಮಾತಾಡುವಾಗ ಕೆಂದಿಯ ಪಕ್ಕದಲ್ಲಿ ಅವಳ ಮರಿ ನಿಂತಿತ್ತು. ಹುಟ್ಟಿ ತಿಂಗಳಾಗಿತ್ತು ಅಷ್ಟೆ. ಆ ಕಾಡಿನಲ್ಲಿ ಮರಿ ಒಂದು ಮಳೆ ಕಂಡ ಮೇಲೆಯೇ ಹೆಸರಿಡುವ ಪದ್ಧತಿ. ಆ ವರ್ಷದ ಮಳೆ ಇನ್ನೂ ಬಂದಿರಲಿಲ್ಲ. ಹೆಸರಿಲ್ಲದ್ದರಿಂದ ಹನ್ನೊಂದರಲ್ಲಿ ಅದು ಸೇರಲಿಲ್ಲ. ಅದು ಯಾರ ಗಮನಕ್ಕೂ ಬರಲಿಲ್ಲ. ಹೆತ್ತ ತಾಯಿಯ ಗಮನಕ್ಕೂ ಬರಲಿಲ್ಲ, ಯಾಕೆಂದರೆ ತನ್ನ ಹೆಸರು ಮೊದಲು ಬಂತು ಅನ್ನುವ ಸಂತೋಷದಲ್ಲಿ ಅವಳಿದ್ದಳು.

ಮಾರನೆಯ ದಿನವೇ ಚಿರತೆ ಬಂತು.

ನಡುಮಧ್ಯಾಹ್ನ. ಸೆಖೆ ತಾಳಲಾರದೆ ಎಲ್ಲರೂ ನೀರಿಗಿಳಿದಿದ್ದರು. ಗುಂಡಣ್ಣ ಕೆಸರಿನಲ್ಲಿ ಹೊಟ್ಟೆ ಇಟ್ಟು ಮಲಗಿದ್ದ. ಮೊಲ ದಡದ ಹಸಿರು ಹುಲ್ಲು ಕಡಿಯುತ್ತಿತ್ತು. ಕೆಂದಿ ನೀರು ಕುಡಿಯುತ್ತಿದ್ದಳು, ಅವಳಿಂದ ನಾಲ್ಕು ಹೆಜ್ಜೆ ಆಚೆ ಮರಿ ನೀರಿನಲ್ಲಿ ಕಾಲು ಬಡಿದು ಆಡುತ್ತಿತ್ತು.

ಪೊದೆಯೊಳಗೆ ಕಿವಿ ಅಲುಗಿದ್ದು ಟಿಟ್ಟವ್ವನಿಗೆ ಕಂಡಿತು. ಮೊಟ್ಟೆಗಳಿಂದ ಎದ್ದು ಬಯಲಿನ ಮೇಲಕ್ಕೆ ಹಾರಿದಳು. ಹಳೆಯ ಕೂಗು ತಾನಾಗಿ ಗಂಟಲಿಗೆ ಬಂತು. ಅವಳು ಅದನ್ನು ತಡೆದು, ಒಪ್ಪಿಕೊಂಡ ಹಾಗೆ ಹೆಸರು ಹಿಡಿದಳು.

"ಕೆಂದಿ, ಓಡು."

ಕೆಂದಿಗೆ ಮೊದಲು ಆದದ್ದು ಹೆಮ್ಮೆ, ಆಮೇಲೆ ಭಯ. ಇಡೀ ಬಯಲಿನಲ್ಲಿ ತನ್ನ ಹೆಸರು ಒಂದೇ ಮೊಳಗಿತ್ತು. ಚಂಗನೆ ನೆಗೆದು, ನೆಲ ನೋಡದೆ, ಕಲ್ಲುಗಳ ಮೇಲೆ ನೆಟ್ಟಗೆ ಕಾಡಿನ ಕಡೆ ಓಡಿದಳು. ಕಾಡಂಚಿನ ಬಾರೆಹಣ್ಣಿನ ಪೊದೆ ಸೇರಿದ ಮೇಲೆ ನಿಂತು ಹಿಂತಿರುಗಿ ನೋಡಿದಳು. ಪಕ್ಕದಲ್ಲಿ ಮರಿ ಇರಲಿಲ್ಲ.

ಯಾರೂ ಓಡಿಬಂದಿರಲಿಲ್ಲ. ಮೊಲ ಹುಲ್ಲು ಕಡಿಯುತ್ತಲೇ ಇತ್ತು. ಕರೆದದ್ದು ಕೆಂದಿಯನ್ನಲ್ಲವೇ, ಅಪಾಯ ಇದ್ದರೆ ಕೆಂದಿಗೆ ಅಂದುಕೊಂಡಿತ್ತು. ನವಿಲು ತನ್ನ ಪೂರ್ತಿ ಹೆಸರು ಬರಲಿ ಅಂತ ಕತ್ತು ಎತ್ತಿ ಕಾಯುತ್ತಿತ್ತು.

"ಗುಂಡಣ್ಣ, ಓಡು."

ಗುಂಡಣ್ಣ ಕೆಸರಿನಿಂದ ಮೈ ಕಿತ್ತುಕೊಂಡು ಎದ್ದ. ಅಷ್ಟು ಹೊತ್ತಿಗೆ ಚಿರತೆ ಪೊದೆಯಿಂದ ಹೊರಗೆ ಬಂದಾಗಿತ್ತು. ಅದು ಗುಂಡಣ್ಣನ ಕಡೆ ನೋಡಲಿಲ್ಲ, ಮೊಲದ ಕಡೆಯೂ ನೋಡಲಿಲ್ಲ. ನೀರಿನಂಚಿನಲ್ಲಿ ಅಮ್ಮ ಎಲ್ಲಿ ಹೋದಳು ಅಂತ ಅತ್ತಿತ್ತ ನೋಡುತ್ತ ನಿಂತಿದ್ದ ಮರಿಯ ಕಡೆಗೆ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡು ಸರಿಯತೊಡಗಿತು.

ಕೆಂದಿ ಕೂಗಲು ಬಾಯಿ ತೆರೆದಳು. ಏನೆಂದು ಕೂಗುವುದು? ಎಲ್ಲರೂ ತಂತಮ್ಮ ಹೆಸರಿಗೆ ಕಾಯುವ ಆ ಬಯಲಿನಲ್ಲಿ ಕೂಗಿ ಕರೆಯಲು ಅವಳ ಮಗನಿಗೆ ಹೆಸರೇ ಇರಲಿಲ್ಲ.

ಟಿಟ್ಟವ್ವ ಮೂರನೆಯ ಹೆಸರನ್ನು ಬಾಯಿಗೆ ತಂದುಕೊಂಡವಳು ಮರಿಯನ್ನು ಕಂಡಳು. ಹನ್ನೊಂದು ಹೆಸರುಗಳನ್ನೂ ಅಲ್ಲಿಯೇ ಬಿಟ್ಟಳು. ಎದೆ ಬಿರಿಯುವ ಹಾಗೆ, ಮೊದಲಿನ ಹಾಗೆಯೇ ಕಿರುಚಿದಳು.

"ಟಿಟ್ಟಿಟ್ಟೀ, ಟಿಟ್ಟಿಟ್ಟೀ, ಟಿಟ್ಟಿಟ್ಟೀ."

ಆ ಕೂಗಿನಲ್ಲಿ ಯಾರ ಹೆಸರೂ ಇರಲಿಲ್ಲ. ಅದಕ್ಕೇ ಅದು ಎಲ್ಲರಿಗೂ ತಿಳಿಯಿತು, ಹೆಸರಿಲ್ಲದ ಆ ಮರಿಗೂ ತಿಳಿಯಿತು. ಹುಟ್ಟಿದಂದಿನಿಂದ ಅದು ಆ ಕೂಗು ಕೇಳಿದಾಗೆಲ್ಲ ಓಡಿದ್ದ ಮರಿ. ಮೊಲ ಹುಲ್ಲು ಉಗುಳಿ ಹಾರಿತು, ನವಿಲು ಸೋಗೆ ಎಳೆದುಕೊಂಡು ಎದ್ದಿತು, ಮರಿ ನೀರು ಚಿಮ್ಮಿಸಿಕೊಂಡು ದೌಡಾಯಿಸಿತು.

ಆದರೆ ಚಿರತೆ ಆಗಲೇ ಬಹಳ ಹತ್ತಿರ ಬಂದಿತ್ತು. ಇನ್ನೆರಡು ನೆಗೆತಕ್ಕೆ ಮರಿ ಸಿಕ್ಕಿಬಿಡುತ್ತಿತ್ತು. ಟಿಟ್ಟವ್ವ ಮೊಟ್ಟೆಗಳ ಕಡೆ ತಿರುಗಿಯೂ ನೋಡದೆ ಹಾರಿಬಂದು, ಚಿರತೆಯ ಮೂತಿಯ ಮುಂದೆ ದೊಪ್ಪನೆ ಬಿದ್ದಳು. ರೆಕ್ಕೆ ಮುರಿದವಳ ಹಾಗೆ ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತ ಕುಂಟಿದಳು. ಇಷ್ಟು ದಿನ ತನ್ನ ಹೊಟ್ಟೆಯ ಮೇಲೆ ಹೊಡೆದ ಹಕ್ಕಿ ಕಾಲ ಬುಡದಲ್ಲೇ ಬಿದ್ದಿರುವಾಗ ಚಿರತೆಗೆ ಮರಿಯ ನೆನಪೇ ಹೋಯಿತು. ಪಂಜ ಬೀಸಿತು. ಟಿಟ್ಟವ್ವ ಒಂದು ಮೊಳ ತಪ್ಪಿಸಿಕೊಂಡಳು. ಇನ್ನೊಮ್ಮೆ ಬೀಸಿತು. ಇನ್ನೊಂದು ಮೊಳ. ಹೀಗೆ ಕುಂಟುತ್ತ, ಬೀಳುತ್ತ, ಏಳುತ್ತ ಅವಳು ಚಿರತೆಯನ್ನು ಕೆರೆಯ ಏರಿ ಹತ್ತಿಸಿ, ಏರಿಯ ಆಚೆಗೆ ಕರೆದುಕೊಂಡು ಹೋದಳು. ಆಮೇಲೆ ಇಬ್ಬರೂ ಕಣ್ಣಿಗೆ ಕಾಣಲಿಲ್ಲ.

ಮರಿ ಬಂದು ಕೆಂದಿಯ ಹೊಟ್ಟೆಯಡಿ ನುಗ್ಗಿತು. ಕೆಂದಿ ಅದರ ತಲೆ, ಕಿವಿ, ಬೆನ್ನು ಎಲ್ಲವನ್ನೂ ನೆಕ್ಕಿ ನೋಡಿದಳು. ಎಲ್ಲಿಯೂ ಒಂದು ಗೀರೂ ಇರಲಿಲ್ಲ.

ಉಳಿದವರೂ ಪೊದೆಗೆ ಬಂದು ಸೇರಿದರು. "ಟಿಟ್ಟವ್ವ ದೊಡ್ಡ ಕೆಲಸ ಮಾಡಿದಳು" ಅಂತು ಮೊಲ. "ನಾಳೆ ಎಲ್ಲರೂ ಸೇರಿ ಹೋಗಿ ಹೇಳಿಬರೋಣ" ಅಂತು ನವಿಲು. ಎಲ್ಲರೂ ಹೌದು ಹೌದು ಅಂದರು.

ಕೆಂದಿ ಬಯಲನ್ನೇ ನೋಡುತ್ತಿದ್ದಳು. ಸೂರ್ಯ ನೆತ್ತಿಯ ಮೇಲಿದ್ದ. ಕಲ್ಲುಗಳ ಮೇಲೆ ಝಳ ಏಳುತ್ತಿತ್ತು. ಆ ಝಳದ ನಡುವೆ ಎಲ್ಲೋ ನಾಲ್ಕು ಮೊಟ್ಟೆಗಳು ನೆರಳಿಲ್ಲದೆ ಬಿದ್ದಿದ್ದವು.

"ಗುಂಡಣ್ಣ, ಇವನನ್ನ ಸ್ವಲ್ಪ ನೋಡಿಕೋ" ಅಂದಳು.

"ಎಲ್ಲಿಗೆ ಹೊರಟೆ? ಚಿರತೆ ಏರಿ ಆಚೇನೇ ಇದೆ. ತಿರುಗಿ ಬಂದರೆ ಕೂಗಿ ಹೇಳೋಕೆ ಟಿಟ್ಟವ್ವನೂ ಇಲ್ಲ."

"ಅದು ಗೊತ್ತಿದ್ದೇ ಹೊರಟಿದ್ದೀನಿ" ಅಂದಳು ಕೆಂದಿ.

ಬಯಲಿಗೆ ಕಾಲಿಟ್ಟಾಗ ಅವಳಿಗೆ ಹೆದರಿಕೆಯಾಯಿತು. ಅದೇ ಬಯಲನ್ನು ಅವಳು ದಿನಕ್ಕೆ ಎರಡು ಸಲ ದಾಟುತ್ತಿದ್ದವಳು. ಒಂದು ದಿನವೂ ಹೀಗೆ ಹೆದರಿರಲಿಲ್ಲ. ತಾನು ಧೈರ್ಯದವಳು ಅಂದುಕೊಂಡಿದ್ದಳು. ಆ ಧೈರ್ಯವೆಲ್ಲ ಟಿಟ್ಟವ್ವನ ಗಂಟಲಿನಿಂದ ಬಂದದ್ದು ಅಂತ ಈಗ ಗೊತ್ತಾಯಿತು.

ಹುಡುಕುತ್ತ ಹುಡುಕುತ್ತ ಹೋಗಿ ಗೂಡು ಕಂಡಳು. ಗೂಡು ಅಂದರೆ ಏನೂ ಇಲ್ಲ, ಕಲ್ಲುಗಳ ನಡುವೆ ಒಂದು ಸಣ್ಣ ತಗ್ಗು. ಅದರಲ್ಲಿ ಮೂರು ಮೊಟ್ಟೆಗಳಿದ್ದವು. ನಾಲ್ಕನೆಯದು ಒಡೆದು ಚಪ್ಪಟೆಯಾಗಿತ್ತು. ಪಕ್ಕದ ಮಣ್ಣಿನಲ್ಲಿ ಸೀಳುಗೊರಸಿನ ಗುರುತು. ಕೆಂದಿ ತನ್ನ ಮುಂಗಾಲನ್ನು ಮೆಲ್ಲಗೆ ಅದರ ಪಕ್ಕದಲ್ಲಿ ಊರಿ ನೋಡಿದಳು. ಎರಡೂ ಒಂದೇ ಆಗಿದ್ದವು.

ಅವಳಿಗೆ ಅಳು ಬಂತು. ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ. ಉಳಿದ ಮೂರರ ಮೇಲೆ ತನ್ನ ನೆರಳು ಬೀಳುವ ಹಾಗೆ ಅಡ್ಡ ನಿಂತಳು. ಬೆನ್ನು ಸುಟ್ಟಿತು. ನೊಣಗಳು ಕಣ್ಣಿಗೆ ಮುತ್ತಿದವು. ಏರಿಯ ಕಡೆ ಹುಲ್ಲು ಅಲುಗಿದಾಗೆಲ್ಲ ಕಿವಿ ನಿಮಿರಿಸಿದಳು. ಆದರೂ ಗೊರಸು ಕದಲಿಸದೆ ನಿಂತೇ ಇದ್ದಳು.

ಬಹಳ ಹೊತ್ತಾದ ಮೇಲೆ, ಚಿರತೆಯನ್ನು ದೂರ ಸಾಗಹಾಕಿ, ಟಿಟ್ಟವ್ವ ಬಂದಳು. ಹಾರಿ ಬರಲಿಲ್ಲ, ನಡೆದು ಬಂದಳು. ರೆಕ್ಕೆಯ ಎರಡು ಗರಿ ಕಿತ್ತುಹೋಗಿದ್ದವು. ಬರುವಾಗಲೇ ಕೆರೆಗಿಳಿದಿದ್ದಳು, ಹೊಟ್ಟೆಯ ಪುಕ್ಕದಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊಟ್ಟೆಗಳಿಗೆ ನೆರಳಾಗಿ ನಿಂತ ಜಿಂಕೆಯನ್ನು ಕಂಡು ನಿಂತಳು.

"ಯಾರು ಕಳಿಸಿದರು ನಿನ್ನನ್ನ?"

"ಯಾರೂ ಕಳಿಸಲಿಲ್ಲ."

"ಉಳಿದವರೆಲ್ಲ ಎಲ್ಲಿ?"

"ನಾಳೆ ಸೇರಿಕೊಂಡು ಬರ್ತಾರಂತೆ. ನಾನು ಅವರ ಪರವಾಗಿ ಬಂದಿಲ್ಲ ಅವ್ವ." ಕೆಂದಿ ಒಡೆದ ಮೊಟ್ಟೆಯ ಕಡೆ ತಲೆ ತಗ್ಗಿಸಿದಳು. "ಒಂದು ಮೊಟ್ಟೆ ಒಡೆದಿದೆ. ತುಳಿದವಳು ನಾನೇ. ನೀನು ನನ್ನ ಹೆಸರು ಕೂಗಿದಾಗ ನೆಲ ನೋಡದೆ ಓಡಿದೆ."

ಟಿಟ್ಟವ್ವ ಹತ್ತಿರ ಬಂದಳು. ಒಡೆದ ಚಿಪ್ಪನ್ನು ಕೊಕ್ಕಿನಿಂದ ಎತ್ತಿ ಆಚೆ ಇಟ್ಟಳು. ಉಳಿದ ಮೂರರ ಮೇಲೆ ಒದ್ದೆ ಹೊಟ್ಟೆಯನ್ನು ಇಟ್ಟು ಕೂತಳು.

ಟಿಟ್ಟವ್ವ ಹೇಳಿದಳು. "ನಾಲ್ಕರಲ್ಲಿ ಒಂದು ತಾನೇ ಹೋಗಿದ್ದು ಅಂತ ಅವರೆಲ್ಲ ನಾಳೆ ಸಮಾಧಾನ ಹೇಳ್ತಾರೆ. ನನಗೆ ಅದು ಒಂದು ಇಡೀ ಮರಿ, ಕೆಂದಿ."

"ಗೊತ್ತು ಅವ್ವ. ನಿನ್ನ ಕೂಗಿನಲ್ಲಿ ನನ್ನ ಪಾಲೆಷ್ಟು ಅಂತ ಕೇಳಿದ ಬಾಯಿ ಇದು. ಇವತ್ತು ನೀನು ಎಲ್ಲರಿಗೂ ಅಂತ ಕೂಗಿದೆ. ನನ್ನ ಮಗ ನನಗೆ ಪಾಲಿನಲ್ಲಿ ಸಿಗಲಿಲ್ಲ, ಇಡಿಯಾಗಿ ಸಿಕ್ಕಿದ."

ಟಿಟ್ಟವ್ವ ಅವಳ ಮುಖವನ್ನು ಒಂದು ಕಣ್ಣಿನಿಂದ ನೋಡಿದಳು. ಪುಕ್ಕದ ನೀರು ಆಗಲೇ ಆರುತ್ತಿತ್ತು. ಇನ್ನೊಂದು ಸಲ ಕೆರೆಗೆ ಹೋಗಬೇಕಿತ್ತು. ಎದ್ದು ನಿಂತಳು.

"ಸ್ವಲ್ಪ ಎಡಕ್ಕೆ ಸರಿ" ಅಂದಳು. "ಆ ಕೊನೆ ಮೊಟ್ಟೆಗೆ ಬಿಸಿಲು ಬೀಳ್ತಿದೆ."

ಕೆಂದಿ ನೆಲ ನೋಡಿಕೊಂಡು, ಒಂದೊಂದೇ ಗೊರಸು ಎತ್ತಿಟ್ಟು, ಎಡಕ್ಕೆ ಸರಿದಳು. ಟಿಟ್ಟವ್ವ ನೀರಿಗೆ ಹೋದಳು. ಗಂಡ ಹೋದ ಮೇಲೆ ಅವಳು ಮೊದಲ ಸಲ ಹಿಂತಿರುಗಿ ನೋಡದೆ ಹೋದಳು.

ನೀತಿ: ಎಲ್ಲರಿಗೂ ಸೇರಿ ಸಿಕ್ಕ ಉಪಕಾರ ಹಂಚಿಕೊಂಡ ಮಾತ್ರಕ್ಕೆ ಸಣ್ಣದಾಗುವುದಿಲ್ಲ, ಅದು ಒಬ್ಬೊಬ್ಬರಿಗೂ ಇಡಿಯಾಗಿಯೇ ಬಂದಿರುತ್ತದೆ, ಅದರ ಋಣವನ್ನೂ ಒಬ್ಬೊಬ್ಬರೂ ತಾವಾಗಿಯೇ ಹೋಗಿ ತೀರಿಸಬೇಕು.